ಕೊಲೊನೋಸ್ಕೋಪಿಗೆ ಮೊದಲು ಹಣ್ಣು, ಸೊಪ್ಪು ತಿಂದರೆ ಒಳ್ಳೇದಲ್ವಾ?

ಪ್ರಶ್ನೆ: ಮುಂದಿನ ಶುಕ್ರವಾರ ನನಗೆ ಕೊಲೊನೋಸ್ಕೋಪಿ ಇದೆ. ಹೊಟ್ಟೆ ಕ್ಲೀನ್ ಆಗಿರಬೇಕು ಅಂದಿದ್ದಾರೆ. ಅದಕ್ಕೇ ಈಗಿನಿಂದಲೇ ಹಣ್ಣು, ಸೊಪ್ಪು, ಕಾಳು ಜಾಸ್ತಿ ತಿನ್ನುತ್ತಿದ್ದೇನೆ. ಸರಿ ತಾನೇ? ಹಿಂದಿನ ದಿನ ಪೂರ್ತಿ ಉಪವಾಸ ಇದ್ದುಬಿಟ್ಟರೆ ಹೊಟ್ಟೆ ಖಾಲಿ ಮಾಡಲು ಕೊಡುವ ಆ ಭೇದಿ ಔಷಧಿ ಕುಡಿಯುವುದು ತಪ್ಪುತ್ತದಾ?

ಉತ್ತರ: ಎರಡೂ ಇಲ್ಲ. ಮೊದಲನೆಯದಂತೂ ಪೂರ್ತಿ ಉಲ್ಟಾ.

ಬೇರೆ ದಿನಗಳಲ್ಲಿ ಸೊಪ್ಪು, ಕಾಳು ಒಳ್ಳೆಯವೇ. ಅವುಗಳಲ್ಲಿರುವ ನಾರು ಜೀರ್ಣವಾಗುವುದಿಲ್ಲ, ದೊಡ್ಡ ಕರುಳಿನವರೆಗೂ ಹಾಗೇ ಬರುತ್ತದೆ, ಮಲ ಸಲೀಸಾಗಿ ಹೋಗುತ್ತದೆ. ಆದರೆ ಈಗ ಡಾಕ್ಟರು ಕ್ಯಾಮೆರಾ ಬಿಟ್ಟು ನೋಡುವುದು ಅದೇ ದೊಡ್ಡ ಕರುಳನ್ನು. ಅಲ್ಲಿ ಏನೂ ಉಳಿದಿರಬಾರದು. ಬಿಳಿ ಅನ್ನ, ಬಿಳಿ ಬ್ರೆಡ್ಡು, ಮೊಟ್ಟೆ, ಮೀನು, ಚರ್ಮ ತೆಗೆದ ಕೋಳಿ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಬರೀ ಮೊಸರು ಇವೆಲ್ಲ ಹೆಚ್ಚುಕಮ್ಮಿ ಸಣ್ಣ ಕರುಳಲ್ಲೇ ಜೀರ್ಣವಾಗಿಬಿಡುತ್ತವೆ. ವರ್ಷವೆಲ್ಲ ‘ಬಿಳೀದು ಕಮ್ಮಿ ತಿನ್ನಿ’ ಅನ್ನಿಸಿಕೊಂಡವರಿಗೆ ಇದೊಂದು ಸಣ್ಣ ರಜೆ.

ಬೀಜ, ಸಿಪ್ಪೆಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಕ್ಯಾಮೆರಾ ಇರುವ ಕೊಳವೆ ಸುಮಾರು ಬೆರಳಿನ ದಪ್ಪ. ಅದರೊಳಗೆ ನೀರು, ಗಲೀಜು ಹೀರಿಕೊಳ್ಳಲು ಇನ್ನೊಂದು ದಾರಿ ಇದೆ. ಅದರ ಅಗಲ ಸಾಮಾನ್ಯವಾಗಿ 4 ಮಿಲಿಮೀಟರ್ ಕೂಡ ಇರುವುದಿಲ್ಲ. ತೆಳ್ಳಗಿನ ದ್ರವ ಇದ್ದರೆ ಸೊರ್ ಎಂದು ಎಳೆದುಕೊಳ್ಳುತ್ತದೆ. ಟೊಮೆಟೊ ಬೀಜವೋ, ದಾಳಿಂಬೆ ಬೀಜವೋ, ಅಗಸೆಯೋ ಬಂದು ಕೂತರೆ ದಾರಿ ಕಟ್ಟಿಕೊಳ್ಳುತ್ತದೆ. ಕರುಳಿನ ಗೋಡೆಗೆ ಒಂದು ಚೂರು ಟೊಮೆಟೊ ಸಿಪ್ಪೆ ಅಂಟಿಕೊಂಡಿದೆ ಅಂದುಕೊಳ್ಳಿ. ಅದರ ಕೆಳಗೆ ಚಪ್ಪಟೆಯಾದ ಸಣ್ಣ ಗಂಟೊಂದು ಇದ್ದರೆ ಕಾಣುವುದೇ ಇಲ್ಲ. ಪರೀಕ್ಷೆ ಮಾಡುವುದೇ ಅಂಥ ಗಂಟು ಹುಡುಕಲು, ಅಲ್ವಾ?

ಈ ಪಥ್ಯ ಎಷ್ಟು ದಿನ ಮೊದಲು ಶುರು ಮಾಡಬೇಕು? ಹಲವು ಆಸ್ಪತ್ರೆಗಳು 2-3 ದಿನ ಅನ್ನುತ್ತವೆ. ಅಮೆರಿಕದ ತಜ್ಞರು 2025ರಲ್ಲಿ ಕೊಟ್ಟ ಸಲಹೆ ಸ್ವಲ್ಪ ಸಡಿಲ: ಬೇರೆ ತೊಂದರೆ ಇಲ್ಲದವರಿಗೆ ಹಿಂದಿನ ಒಂದು ದಿನದ ಪಥ್ಯ ಸಾಕು, ಆ ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ನಾರು ಕಡಿಮೆ ಇರುವ ಊಟ ಮಾಡಬಹುದು. ಮಲಬದ್ಧತೆ ಇರುವವರಿಗೆ, ಹಿಂದೊಮ್ಮೆ ಕರುಳು ಸರಿಯಾಗಿ ಕ್ಲೀನ್ ಆಗದವರಿಗೆ ಈ ಸಡಿಲಿಕೆ ಇಲ್ಲ. ನಿಮಗೆ ಕೊಟ್ಟ ಚೀಟಿಯಲ್ಲಿ ಏನಿದೆಯೋ ಅದೇ ಕೊನೆ ಮಾತು. ಬೀಜಗಳನ್ನು ಮಾತ್ರ ಮೂರು ದಿನ ಮೊದಲೇ ಬಿಟ್ಟುಬಿಡಿ, ಕಳೆದುಕೊಳ್ಳುವುದು ಏನೂ ಇಲ್ಲ.

ಆಮೇಲೆ ಬರೀ ತಿಳಿ ದ್ರವ. ಲೋಟದ ಆಚೆ ಇಟ್ಟ ಪೇಪರಿನ ಅಕ್ಷರ ಓದಲು ಬಂದರೆ ಅದು ತಿಳಿ. ಸೋಸಿದ ಸೂಪು, ತಿರುಳಿಲ್ಲದ ಸೇಬಿನ ಜ್ಯೂಸು, ಹಾಲು ಹಾಕದ ಟೀ, ಕಾಫಿ ಆಗುತ್ತದೆ. ಹಾಲು ಆಗುವುದಿಲ್ಲ. ಕೆಂಪು, ನೇರಳೆ ಬಣ್ಣದ್ದು ಯಾವುದೂ ಬೇಡ, ಒಳಗೆ ಅದು ರಕ್ತದ ಹಾಗೆ ಕಾಣುತ್ತದೆ. ಇಡೀ ದಿನ ಬರೀ ನೀರು ಕುಡಿಯುತ್ತಾ ಕೂರಬೇಡಿ. ಭೇದಿಯಲ್ಲಿ ಉಪ್ಪಿನಂಶವೂ ಹೋಗುತ್ತದೆ, ಸೂಪು, ಜ್ಯೂಸು ಸೇರಿರಲಿ.

ಇನ್ನು ಉಪವಾಸ. ನೀವು ತಿನ್ನದಿದ್ದರೂ ಮೊನ್ನೆ ತಿಂದದ್ದು ಇನ್ನೂ ಒಳಗಿರುತ್ತದೆ. ಪಿತ್ತರಸ, ಲೋಳೆ ಇಳಿಯುವುದೂ ನಿಲ್ಲುವುದಿಲ್ಲ. ಹಾಗಾಗಿ ಔಷಧಿ ಬೇಕೇ ಬೇಕು. ಅದನ್ನು ಎರಡು ಭಾಗ ಮಾಡಿ ಕೊಡುವುದೂ ಅದಕ್ಕೇ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಶುರುಮಾಡಿ, ಕೊನೇ ಪಕ್ಷ 2 ಗಂಟೆ ಮೊದಲು ಮುಗಿಸಬೇಕು. ಬೆಳಗಿನ ಜಾವ ಏಳಲು ಬೇಜಾರಾಗಿ ಎರಡನೇ ಭಾಗ ಬಿಟ್ಟರೆ, ರಾತ್ರಿ ತೊಳೆದ ಜಾಗಕ್ಕೆ ಮತ್ತೆ ಲೇಪ ಹತ್ತಿರುತ್ತದೆ. ರುಚಿ ಕೆಟ್ಟದೇ, ಸುಳ್ಳು ಹೇಳಲಾರೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಸ್ಟ್ರಾದಲ್ಲಿ ಕುಡಿದರೆ ಸ್ವಲ್ಪ ವಾಸಿ. ಹಿಂಬದಿ ಉರಿಯದಂತೆ ಮೊದಲೇ ವ್ಯಾಸಲಿನ್ ಹಚ್ಚಿಕೊಳ್ಳಿ. ಇದನ್ನು ಯಾರೂ ಹೇಳಿರುವುದಿಲ್ಲ.

ಶುಗರ್ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ, ಎಲ್ಲ ಭೇದಿ ಔಷಧಿಯೂ ಎಲ್ಲರಿಗೂ ಆಗುವುದಿಲ್ಲ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಗೆ, ಅಂಟಂಟು ಮಾಡುತ್ತದೆ. ಸಾಮಾನ್ಯವಾಗಿ ಅದನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಕೊನೆಗೆ ಹೋಗುವುದು ಮೂತ್ರದ ಹಾಗೆ ತಿಳಿ ಹಳದಿಯಾಗಿದ್ದರೆ ತಯಾರಿ ಸರಿಯಾಗಿದೆ ಎಂದರ್ಥ. ಶುಕ್ರವಾರ ಬೆಳಿಗ್ಗೆಯೂ ಕಂದು, ಮಂದವಾಗಿದ್ದರೆ ನಾಚಿಕೊಂಡು ಸುಮ್ನೆ ಹೊರಡಬೇಡಿ. ಮನೆಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ, ಮುಂದೇನು ಅಂತ ಅವರು ಹೇಳುತ್ತಾರೆ. ಹಾಗೇ ಹೋಗಿ ಒಳಗೆ ಸರಿಯಾಗಿ ಕಾಣದಿದ್ದರೆ, ಒಂದು ವರ್ಷದೊಳಗೆ ಇದೇ ಔಷಧಿಯನ್ನು ಇನ್ನೊಮ್ಮೆ ಕುಡಿಯಬೇಕಾಗುತ್ತದೆ.