ಕುದುರೆ ಇರುವ ಹಳೇ ನಾಣ್ಯ ಕೂಡಿಸಬೇಕು, ಮೊದಲು ಯಾವುದು ತಗೊಳ್ಳಲಿ?

ಪ್ರಶ್ನೆ: ಕುದುರೆ ಅಂದರೆ ನನಗೆ ಚಿಕ್ಕಂದಿನಿಂದ ಪ್ರಾಣ. ಕುದುರೆ ಚಿತ್ರ ಇರುವ ಪುರಾತನ ನಾಣ್ಯಗಳನ್ನು ಕೂಡಿಸಬೇಕು ಅಂತ ಆಸೆ. ತಿಂಗಳ ಸಂಬಳದಲ್ಲಿ ಬದುಕುವವರಿಗೆ ಇದು ಆಗುವ ಕೆಲಸವೇ? ಮೊದಲ ನಾಣ್ಯ ಯಾವುದು ತಗೊಳ್ಳಲಿ?

ಖಂಡಿತ ಆಗುತ್ತದೆ. ಮೊದಲ ನಾಣ್ಯ ಯಾವುದು ಅಂತ ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ: ಒಂದು ಕಡೆ ಗೂಳಿ, ಇನ್ನೊಂದು ಕಡೆ ಕುದುರೆ ಸವಾರ ಇರುವ ಶಾಹಿ ನಾಣ್ಯ.

ಕಾಬೂಲಿನಲ್ಲಿ, ಆಮೇಲೆ ಸಿಂಧೂ ನದಿ ದಡದ ಉದಭಾಂಡಪುರದಲ್ಲಿ ಆಳಿದ ಶಾಹಿ ರಾಜರು ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಇದನ್ನು ಬೆಳ್ಳಿಯಲ್ಲಿ ಹೊಡೆಸಿದರು. ತೂಕ ಮೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅಗಲ ಎರಡು ಸೆಂಟಿಮೀಟರಿಗಿಂತ ಕಡಿಮೆ. ಅಂಗೈ ಮೇಲೆ ಇಟ್ಟುಕೊಂಡರೆ ಇಷ್ಟೇನಾ ಅನ್ನಿಸುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಆಗ ಗೊತ್ತಾಗುತ್ತದೆ.

ಒಂದು ಬದಿಯಲ್ಲಿ ಗೂಳಿ ಕಾಲು ಮಡಚಿ ಎಡಕ್ಕೆ ಮುಖ ಮಾಡಿ ಮಲಗಿದೆ. ಅದನ್ನು ನೋಡಿದ ಕೂಡಲೇ ನಮ್ಮವರ ಬಾಯಲ್ಲಿ ಬರುವ ಮಾತು ಬಸವಣ್ಣ. ಮೇಲೆ ಕಾಶ್ಮೀರದ ಕಡೆಯ ಹಳೇ ಲಿಪಿಯಾದ ಶಾರದಾ ಲಿಪಿಯಲ್ಲಿ ‘ಶ್ರೀ ಸ್ಪಲಪತಿ ದೇವ’ ಅಂತಲೋ ‘ಶ್ರೀ ಸಾಮಂತ ದೇವ’ ಅಂತಲೋ ಇರುತ್ತದೆ. ತಿರುಗಿಸಿದರೆ ಬಲಕ್ಕೆ ಹೊರಟ ಕುದುರೆ, ಮೇಲೆ ಭರ್ಜಿ ಹಿಡಿದ ಸವಾರ. ಚೆನ್ನಾಗಿ ಉಳಿದ ನಾಣ್ಯದಲ್ಲಿ ಲಗಾಮು, ಎದೆಪಟ್ಟಿ, ಎತ್ತಿದ ಮುಂಗಾಲು ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ.

ಇದನ್ನೇ ಮೊದಲು ತಗೊಳ್ಳಿ ಅನ್ನುವುದಕ್ಕೆ ಎರಡು ಕಾರಣ ಇವೆ. ಒಂದು, ಇವು ಆ ಕಾಲದಲ್ಲಿ ರಾಶಿಗಟ್ಟಲೆ ಟಂಕಿಸಿದ ನಾಣ್ಯಗಳು. ಹಾಗಾಗಿ ಸಾಮಂತ ದೇವನ ಸಾಮಾನ್ಯ ನಾಣ್ಯ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆಗೇ ಸಿಗುತ್ತದೆ. ಎರಡನೆಯ ಕಾರಣ ನನಗೆ ಇನ್ನೂ ದೊಡ್ಡದು: ಈ ಕುದುರೆಯ ಪ್ರಯಾಣ.

ಶಾಹಿಗಳು ಹೋದರು, ಕುದುರೆ ಉಳಿಯಿತು. ಜನ ಆ ಚಿತ್ರವನ್ನು ನಂಬಿದ್ದರು, ಅದಿದ್ದರೆ ಹಣ ಚಲಾವಣೆಯಾಗುತ್ತಿತ್ತು. ದೆಹಲಿಯ ತೋಮರ ವಂಶದ ರಾಜರು ಅದನ್ನೇ ಮುಂದುವರಿಸಿದರು. ಪೃಥ್ವಿರಾಜ ಚೌಹಾನನ ನಾಣ್ಯದಲ್ಲಿ ಸವಾರನ ಬದಿಯಲ್ಲಿ ‘ಶ್ರೀ ಪೃಥ್ವೀರಾಜ ದೇವ’ ಅಂತ ಇದೆ, ಗೂಳಿಯ ಬದಿಯಲ್ಲಿ ಇನ್ನೂ ಆ ಹಳೇ ಸಾಮಂತ ದೇವನ ಹೆಸರೇ ಇದೆ! 1192ರ ತರಾಯಿನ್ ಯುದ್ಧದಲ್ಲಿ ಪೃಥ್ವಿರಾಜ ಸೋತ. ಗೆದ್ದ ಮಹಮ್ಮದ್ ಘೋರಿ ಹೊಸ ಚಿತ್ರ ಹಾಕಿಸಿದನಾ? ಇಲ್ಲ. ಅದೇ ಗೂಳಿ, ಅದೇ ಕುದುರೆ. ನಾಗರಿ ಲಿಪಿಯಲ್ಲಿ ಗೂಳಿಯ ಮೇಲೆ ತನ್ನ ಹೆಸರು, ಸವಾರನ ಹತ್ತಿರ ‘ಶ್ರೀ ಹಮೀರ’. ಅಮೀರ ಅನ್ನುವ ಮಾತು ಅಲ್ಲಿ ಹಮೀರ ಆಗಿದೆ. ಆಮೇಲಿನ ದೆಹಲಿ ಸುಲ್ತಾನ ಇಲ್ತುಮಿಶ್‌ನ ಕಾಲದಲ್ಲೂ ಈ ಕುದುರೆ ಓಡುತ್ತಲೇ ಇತ್ತು.

ಆದರೆ ಓಡುತ್ತಾ ಓಡುತ್ತಾ ಅದು ಸವೆದಿದೆ. ನೋಡಿ ನೋಡಿ ನಕಲು ಮಾಡಿದವರ ಕೈಯಲ್ಲಿ ಕುದುರೆಯ ಮುಖ ಒಂದು ಗೆರೆಯಾಯಿತು, ಜೂಲು ಚುಕ್ಕೆಗಳ ಸಾಲಾಯಿತು, ಸವಾರ ನಾಲ್ಕು ಗೀಟಾದ. ಬೆಳ್ಳಿಗೆ ತಾಮ್ರ ಬೆರೆತು ಬಣ್ಣವೂ ಕಪ್ಪಾಯಿತು. ದೆಹಲಿಯ ನಾಣ್ಯ ಒಂದನ್ನು ಹೊಸಬರ ಕೈಗೆ ಕೊಟ್ಟರೆ ಕುದುರೆ ಎಲ್ಲಿ ಅಂತ ಕೇಳುತ್ತಾರೆ. ಜೊತೆಗೆ, ಅಚ್ಚು ದೊಡ್ಡದು, ಲೋಹದ ಬಿಲ್ಲೆ ಚಿಕ್ಕದು. ಒಂದು ನಾಣ್ಯದಲ್ಲಿ ತಲೆ ಬಿದ್ದಿದ್ದರೆ ಇನ್ನೊಂದರಲ್ಲಿ ಗೊರಸು ಬಿದ್ದಿರುತ್ತದೆ. ಮೂರು ನಾಲ್ಕು ನಾಣ್ಯ ಪಕ್ಕಪಕ್ಕ ಇಟ್ಟಾಗಲೇ ಒಂದು ಇಡೀ ಕುದುರೆ. ನನಗಂತೂ ಸಂಗ್ರಹದ ಸುಖ ಅಂದರೆ ಇದೇ.

ಇದೇ ಕಥೆ ಯುರೋಪಿನಲ್ಲೂ ನಡೆದಿದೆ, ಇನ್ನೂ ಸಾವಿರ ವರ್ಷ ಹಿಂದೆ. ಕ್ರಿ.ಪೂ. 356ರಲ್ಲಿ ಮ್ಯಾಸಿಡೋನಿಯಾದ ಎರಡನೇ ಫಿಲಿಪ್‌ನ ಕುದುರೆ ಒಲಿಂಪಿಕ್ಸ್‌ನಲ್ಲಿ ಗೆದ್ದಿತು. ಸೇನಾಪತಿ ಯುದ್ಧ ಗೆದ್ದ ಸುದ್ದಿ, ಕುದುರೆ ಗೆದ್ದ ಸುದ್ದಿ, ಮಗ ಅಲೆಕ್ಸಾಂಡರ್ ಹುಟ್ಟಿದ ಸುದ್ದಿ, ಮೂರೂ ಅವನಿಗೆ ಒಟ್ಟಿಗೇ ಬಂದವು ಅಂತ ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಫಿಲಿಪ್ ತನ್ನ ಬೆಳ್ಳಿ ನಾಣ್ಯದ ಮೇಲೆ ಕುದುರೆ ಏರಿದ ಹುಡುಗನನ್ನು ಕೂರಿಸಿದ, ಚಿನ್ನದ ನಾಣ್ಯದ ಮೇಲೆ ಜೋಡಿ ಕುದುರೆಯ ರಥ ಓಡಿಸಿದ. ಆ ಚಿನ್ನ ಯುರೋಪಿನ ಹಳೇ ಬುಡಕಟ್ಟುಗಳಾದ ಕೆಲ್ಟ್ ಜನರ ಕೈಗೆ ಹೋಯಿತು. ಅವರು ನಕಲು ಮಾಡುತ್ತಾ ಹೋದಂತೆ ಎರಡು ಕುದುರೆ ಒಂದಾಯಿತು, ರಥ ಹೋಗಿ ಬರೀ ಚಕ್ರ ಉಳಿಯಿತು, ಕೊನೆಗೆ ಕುದುರೆಯ ಕಾಲುಗಳೇ ಮೈಯಿಂದ ಬೇರೆಯಾಗಿ ತೇಲತೊಡಗಿದವು. ಕೆಟ್ಟ ನಕಲು ಅಂತ ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಆ ಬಿಡಿಬಿಡಿ ಕುದುರೆಯಲ್ಲಿ ಓಟ ಇದೆ, ಅದು ಕಣ್ಣಿಗೆ ಹೊಡೆಯುತ್ತದೆ.

ಫಿಲಿಪ್‌ನ ಚಿನ್ನ, ಬೆಳ್ಳಿ ನಮ್ಮ ಕೈಗೆ ಎಟುಕುವುದು ಕಷ್ಟ. ಅದೇ ಹುಡುಗ ಸವಾರ ಇರುವ ಅವನ ಕಂಚಿನ ನಾಣ್ಯ ಎಟುಕುತ್ತದೆ. ಎರಡನೆಯದಾಗಿ ಅದನ್ನು ಹುಡುಕಿ. ಮೂರನೆಯದಕ್ಕೆ ರೋಮನ್ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್‌ನ ಪುಟ್ಟ ಕಂಚಿನ ನಾಣ್ಯ. ಸೈನಿಕ ಭರ್ಜಿ ಎತ್ತಿದ್ದಾನೆ, ಶತ್ರುವಿನ ಕುದುರೆ ಕುಸಿದಿದೆ, ಅದರ ಮೇಲಿನವನು ಹಿಂದಕ್ಕೆ ತಿರುಗಿ ಕೈ ಚಾಚಿದ್ದಾನೆ. ಸುತ್ತಲಿನ ಬರಹದ ಅರ್ಥ ‘ಸುಖದ ದಿನಗಳು ಮರಳಿವೆ’ ಅಂತ. ಇದೂ ಅಗ್ಗ. ಕಾರ್ಥೇಜ್‌ನ ಕುದುರೆ ತಲೆ, ಲಾರಿಸ್ಸಾದ ಮೇಯುವ ಕುದುರೆ, ಕೊರಿಂತ್‌ನ ರೆಕ್ಕೆಯ ಕುದುರೆ, ಈ ಪುರಾತನ ನಗರಗಳ ನಾಣ್ಯ ಎಲ್ಲ ಆಮೇಲೆ ನೋಡಿದರಾಯಿತು. ಸಮುದ್ರಗುಪ್ತನ ಅಶ್ವಮೇಧ ನಾಣ್ಯದ ಆಸೆ ಎಲ್ಲರಿಗೂ ಇರುತ್ತದೆ. ಯೂಪಸ್ತಂಭದ, ಅಂದರೆ ಯಜ್ಞದ ಕಂಬದ ಮುಂದೆ ನಿಂತ ಆ ಕುದುರೆಗಿಂತ ಚಂದದ ಕುದುರೆ ನಮ್ಮ ದೇಶದ ನಾಣ್ಯಗಳಲ್ಲಿ ನಾನು ಕಂಡಿಲ್ಲ. ಆದರೆ ಅದು ಲಕ್ಷಗಳ ಲೆಕ್ಕ. ಯಾರಾದರೂ ಸಾವಿರಕ್ಕೆ ಕೊಡುತ್ತೇನೆ ಅಂದರೆ ಅದು ನಕಲಿಯೇ.

ನಕಲಿ ಅಂದೆನಲ್ಲ, ಅದನ್ನು ಹಿಡಿಯುವುದು ಹೇಗೆ? ಹಿಂದೆ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹೊಡೆತಕ್ಕೆ ಅಂಚು ಬಿರಿಯುತ್ತದೆ, ಚಿತ್ರ ಒಂದು ಪಕ್ಕಕ್ಕೆ ಜಾರುತ್ತದೆ. ಇದೆಲ್ಲ ದೋಷ ಅಲ್ಲ, ಒಳ್ಳೆಯ ಲಕ್ಷಣ. ನಕಲಿ ಮಾಡುವವರು ಹೆಚ್ಚಾಗಿ ಎರಕ ಹೊಯ್ಯುತ್ತಾರೆ. ಆಗ ಅಂಚಿನ ಸುತ್ತ ಸಣ್ಣ ಕೂಡುಗೆರೆ ಕಾಣುತ್ತದೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ, ಗೆರೆಗಳು ಬಳಸಿದ ಸೋಪಿನ ಹಾಗೆ ಮೊಂಡಾಗಿರುತ್ತವೆ. ಕೈಯಲ್ಲಿ ಹೊಡೆದ ಎರಡು ನಾಣ್ಯ ಎಂದೂ ತದ್ರೂಪ ಇರುವುದಿಲ್ಲ. ಮಾರುವವರ ಬಳಿ ಅದೇ ಜಾಗದಲ್ಲಿ ಬಿರುಕು ಬಿಟ್ಟ, ಅಷ್ಟೇ ಜಾರಿದ ಎರಡು ನಾಣ್ಯ ಕಂಡರೆ ಸುಮ್ನೆ ಎದ್ದು ಬನ್ನಿ. ತೂಕವನ್ನೂ ನೋಡಿ. ಪರಿಚಯದ ಅಕ್ಕಸಾಲಿಗರ ತಕ್ಕಡಿ ಸಾಕು.

‘ಹೊಲ ಉಳುವಾಗ ಸಿಕ್ಕಿತು ಸಾರ್’ ಅನ್ನುವವರಿಂದ ಕೊಳ್ಳಬೇಡಿ. ಅದು ನಕಲಿ ಆದರೆ ದುಡ್ಡು ಹೋಯಿತು. ನಿಜವೇ ಆದರೆ ಅದು ನಿಧಿ, ಸರ್ಕಾರಕ್ಕೆ ತಿಳಿಸಬೇಕಾದದ್ದು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಮಾರಾಟದ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಅದನ್ನು ಕೇಳಿ, ರಸೀದಿ ತಗೊಂಡು ಜೋಪಾನ ಮಾಡಿ. ಇಂಥ ನಾಣ್ಯವನ್ನು ನಾವು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗಳಿಗೆ ಉಡುಗೊರೆ ಅಂತ ಕೊರಿಯರ್ ಮಾಡುವ ಹಾಗೂ ಇಲ್ಲ.

ಇನ್ನೊಂದು ಮಾತು. ನಾಣ್ಯ ತೊಳೆಯಬೇಡಿ. ನನ್ನ ಮೊದಮೊದಲ ನಾಣ್ಯಗಳಲ್ಲಿ ಕುಷಾಣರ ಕಾಲದ ತಾಮ್ರದ್ದೊಂದಿತ್ತು. ಒಂದು ಕಡೆ ತಲೆಯ ಸುತ್ತ ಕಿರಣಗಳು, ಇನ್ನೊಂದು ಕಡೆ ಕುದುರೆ ಸವಾರ. ಪೂಜೆ ಪಾತ್ರೆ ಉಜ್ಜುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಕಪ್ಪು ಪದರ ಹೋಗಿ ತಾಮ್ರ ಗುಲಾಬಿ ಬಣ್ಣಕ್ಕೆ ಬಂತು. ಕಿರಣಗಳೂ ಹೋದವು. ಸುಮಾರು ಎರಡು ಸಾವಿರ ವರ್ಷ ಉಳಿದದ್ದನ್ನು ಹತ್ತು ನಿಮಿಷದಲ್ಲಿ ಕಳೆದೆ. ಆ ಸಂಕಟ ಇವತ್ತಿಗೂ ಇದೆ. ಹಳೇ ನಾಣ್ಯದ ಮೇಲಿನ ಗಟ್ಟಿ ಪದರ ಅದರ ಚರ್ಮ ಇದ್ದ ಹಾಗೆ, ಹಾಗೇ ಬಿಡಿ. ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಆ ನಾಣ್ಯವನ್ನು ಬೇರೆ ಇಟ್ಟು, ತಿಳಿದವರಿಗೆ ತೋರಿಸಿ. ಅಂಟಂಟಾಗುವ ಮೆತ್ತನೆ ಪ್ಲಾಸ್ಟಿಕ್ ಕವರೂ ಬೇಡ. ಕಾಗದದ ಪುಟ್ಟ ಲಕೋಟೆ ಸಾಕು. ಮೇಲೆ ತೂಕ, ಕೊಂಡ ದಿನ, ಕೊಟ್ಟ ಬೆಲೆ ಬರೆದಿಡಿ.

ಶಾಹಿ ನಾಣ್ಯ ಕೈಗೆ ಬಂದ ದಿನ ಬೆಳಗಿನ ಓರೆ ಬಿಸಿಲಿಗೆ ಹಿಡಿದು ನೋಡಿ. ಕುದುರೆ ನೋಡಿ ಮುಗಿದ ಮೇಲೆ ಒಮ್ಮೆ ತಿರುಗಿಸಿ, ಗೂಳಿಯ ಹಿಂತೊಡೆಯ ಮೇಲೆ ಒಂದು ಚಿಕ್ಕ ತ್ರಿಶೂಲದ ಗುರುತು ಹುಡುಕಿ. ಸಿಕ್ಕರೆ ಫೋಟೊ ಕಳಿಸಿ, ಕಾಯುತ್ತಿರುತ್ತೇನೆ.