ಸೆಲೆನಿಯಂ ಮತ್ತು ಬಿಪಿ: ಬೆಲ್ಜಿಯಂ ಕಂಡದ್ದು ಒಂದು, ಅಮೆರಿಕ ಕಂಡದ್ದು ಇನ್ನೊಂದು

ಪೂರ್ವ ಫಿನ್ಲೆಂಡಿನಲ್ಲಿ 1970ರ ದಶಕದಲ್ಲಿ ಹೃದಯಾಘಾತಕ್ಕೆ ಬಲಿಯಾಗುತ್ತಿದ್ದ ಗಂಡಸರ ಪ್ರಮಾಣ ಜಗತ್ತಿನಲ್ಲೇ ಮೇಲಿನ ಸಾಲಿನಲ್ಲಿತ್ತು. ಸಿಗರೇಟು, ಬೆಣ್ಣೆ, ಉಪ್ಪಿನ ಮೇಲೆ ಅದಾಗಲೇ ಬೆರಳು ತೋರಿಸಲಾಗಿತ್ತು. 1982ರಲ್ಲಿ ಸಂಶೋಧಕ ಯುಕ್ಕಾ ಸಲೋನೆನ್ ಅವರ ತಂಡ ಇನ್ನೊಂದು ಅಂಶ ಮುಂದಿಟ್ಟಿತು, ಅದು ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಖನಿಜವಾದ ಸೆಲೆನಿಯಂ: ಸೀರಮ್‌ನಲ್ಲಿ (ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿಯಲ್ಲಿ) ಅದು ಲೀಟರಿಗೆ 45 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದವರಲ್ಲಿ ಹೃದ್ರೋಗದ ಸಾವು ಎರಡು ಮೂರು ಪಟ್ಟು ಹೆಚ್ಚು. 1988ರಲ್ಲಿ ಅದೇ ತಂಡ, ಸೆಲೆನಿಯಂ ತೀರಾ ಕಡಿಮೆ ಇದ್ದ ಗಂಡಸರಲ್ಲಿ ಬಿಪಿಯೂ ಹೆಚ್ಚು ಎಂದು ವರದಿ ಮಾಡಿತು.

ಅಲ್ಲಿನ ಮಣ್ಣಿನಿಂದ ಬೆಳೆಗೆ ಸೆಲೆನಿಯಂ ಅಷ್ಟಾಗಿ ಸಿಗುತ್ತಿರಲಿಲ್ಲ. ಸರ್ಕಾರ 1984ರಲ್ಲಿ ರಸಗೊಬ್ಬರಕ್ಕೇ ಸೋಡಿಯಂ ಸೆಲೆನೇಟ್ ಬೆರೆಸಲು ತೀರ್ಮಾನಿಸಿತು; ಧಾನ್ಯದ ಗೊಬ್ಬರಕ್ಕೆ ಕಿಲೋಗೆ 16 ಮಿಲಿಗ್ರಾಂ ಸೆಲೆನಿಯಂ. ಕೆಲವೇ ವರ್ಷಗಳಲ್ಲಿ ಜನರ ಸೀರಮ್ ಮಟ್ಟ ಸುಮಾರು 70ರಿಂದ 120ರ ಆಸುಪಾಸಿಗೆ ಏರಿತು. ಹೃದ್ರೋಗದ ಸಾವೂ ಇಳಿಯಿತು, ಆದರೆ ಆ ಇಳಿಕೆ ಗೊಬ್ಬರಕ್ಕಿಂತ ಎಷ್ಟೋ ಮೊದಲೇ ಶುರುವಾಗಿತ್ತು. ಹಾಗಾಗಿ ಅದರ ಶ್ರೇಯಸ್ಸನ್ನು ಸೆಲೆನಿಯಂಗೆ ಕೊಡುವಂತಿಲ್ಲ.

ಸೆಲೆನಿಯಂಗೂ ಬಿಪಿಗೂ ನಂಟಿದೆ ಎಂದು ನಂಬಲು ಕಾರಣವಂತೂ ಇದೆ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದೊಳಗೆ ಸೆಲೆನಿಯಂ ಕೂತಿರುವುದು 1973ರಲ್ಲಿ ಗೊತ್ತಾಯಿತು. ರಕ್ತನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡನ್ನು ಆಕ್ಸಿಡೀಕರಣದ ಒತ್ತಡ ಹಾಳುಮಾಡುತ್ತದೆ. ಈ ಕಿಣ್ವ ಪೆರಾಕ್ಸೈಡ್‌ಗಳನ್ನು ಕಳೆದು ಆ ಒತ್ತಡವನ್ನು ತಗ್ಗಿಸುತ್ತದೆ. ಆದರೆ ಸೀರಮ್ ಮಟ್ಟ 90 ದಾಟುವ ಹೊತ್ತಿಗೆ ಕಿಣ್ವಕ್ಕೆ ಬೇಕಾದಷ್ಟು ಸಿಕ್ಕಿರುತ್ತದೆ. ಆಮೇಲೆ ಸುರಿದದ್ದರಿಂದ ಅದು ಹೆಚ್ಚು ದುಡಿಯುವುದಿಲ್ಲ. ಇಡೀ ವಿಷಯದಲ್ಲಿ ಜನ ಮರೆಯುವುದು ಇದನ್ನೇ.

2007ರ ಬೆಲ್ಜಿಯಂ ಅಧ್ಯಯನದಲ್ಲಿ ರಕ್ತದ ಸೆಲೆನಿಯಂ ಲೀಟರಿಗೆ 20 ಮೈಕ್ರೋಗ್ರಾಂ ಹೆಚ್ಚಿದ್ದ ಗಂಡಸರಲ್ಲಿ ಮೇಲಿನ ಬಿಪಿ ಸುಮಾರು 2 ಅಂಕ ಕಡಿಮೆ ಇತ್ತು. ಐದು ವರ್ಷಗಳಲ್ಲಿ ಬಿಪಿ ಏರುವ ಸಾಧ್ಯತೆಯೂ ಮೂರನೇ ಒಂದರಷ್ಟು ಕಡಿಮೆ. ಹೆಂಗಸರಲ್ಲಿ ಅಂಥ ನಂಟು ಕಾಣಲಿಲ್ಲ. ಎರಡೇ ವರ್ಷಕ್ಕೆ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಅಂಕಿಅಂಶ ಉಲ್ಟಾ ಹೇಳಿತು: ಸೀರಮ್ ಮಟ್ಟ 150ಕ್ಕೆ ಮುಟ್ಟಿದವರ ಮೇಲಿನ ಬಿಪಿ, 122ಕ್ಕಿಂತ ಕೆಳಗಿನವರಿಗಿಂತ 4 ಅಂಕ ಹೆಚ್ಚು. ಎರಡೂ ಸರಿ ಇರಬಹುದು. ಅಮೆರಿಕದವರಲ್ಲಿ ಕಡಿಮೆ ಎನಿಸಿಕೊಂಡವರಲ್ಲೂ ಕಿಣ್ವಕ್ಕೆ ಸಾಕಾಗಿ ಮಿಗುವಷ್ಟಿತ್ತು. ಆದರೂ ಇವೆಲ್ಲ ಗಮನಿಸಿ ಬರೆದ ಲೆಕ್ಕ, ಕೊಟ್ಟು ನೋಡಿದ ಪ್ರಯೋಗವಲ್ಲ. ಮೀನು ಮಾಂಸ ತಿನ್ನುವವರಲ್ಲಿ ಸೆಲೆನಿಯಂ ಹೆಚ್ಚಿರುತ್ತದೆ, ಉರಿಯೂತವಿದ್ದವರಲ್ಲಿ ಇಳಿದಿರುತ್ತದೆ. ಬಿಪಿಗೆ ಕಾರಣ ಅಲ್ಲೆಲ್ಲೋ ಇರಬಹುದು. ಫ್ರಾನ್ಸಿನ ಸು.ವಿ.ಮ್ಯಾಕ್ಸ್ ಪ್ರಯೋಗದಲ್ಲಿ ದಿನಕ್ಕೆ 100 ಮೈಕ್ರೋಗ್ರಾಂ ಸೆಲೆನಿಯಂ ಇದ್ದ ವಿಟಮಿನ್ ಮಿಶ್ರಣವನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. ಹೈ ಬಿಪಿ ಬರುವುದು ತಪ್ಪಲಿಲ್ಲ. ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ದಿನಕ್ಕೆ 200 ಕೊಟ್ಟವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತು.

ಆದ್ದರಿಂದ ಬಿಪಿಗೆಂದು ಸೆಲೆನಿಯಂ ಮಾತ್ರೆ ಬೇಡ. ಡಾಕ್ಟರೇ ಸೆಲೆನಿಯಂ ಪರೀಕ್ಷೆ ಬರೆದರೆ, ರಿಪೋರ್ಟಿನಲ್ಲಿ ಅದು ಸೀರಮ್ಮೋ ಇಡೀ ರಕ್ತವೋ ನೋಡಿ. ಇಡೀ ರಕ್ತದ ಅಂಕಿ ಸಾಮಾನ್ಯವಾಗಿ ಹೆಚ್ಚು, ಒಂದನ್ನು ಇನ್ನೊಂದರ ಮಿತಿಗೆ ಹೋಲಿಸಬಾರದು. ಮೈಕ್ರೋಮೋಲ್‌ನಲ್ಲಿದ್ದರೆ 79ರಿಂದ ಗುಣಿಸಿ. ಜ್ವರ, ಸೋಂಕು ಇದ್ದಾಗ ಮಾಡಿಸಿದರೆ ಮಟ್ಟ ಸುಳ್ಳುಸುಳ್ಳೇ ಕಡಿಮೆ ಕಾಣುತ್ತದೆ.

ಭಾರತೀಯ ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದಿನಕ್ಕೆ 40 ಮೈಕ್ರೋಗ್ರಾಂ. ಯುರೋಪ್ 2023ರಲ್ಲಿ ಇಟ್ಟ ಮೇಲ್ಮಿತಿ 255. ಕೂದಲಿನ ಮಾತ್ರೆಯಲ್ಲಿ 100, ಮಲ್ಟಿವಿಟಮಿನ್‌ನಲ್ಲಿ 50, ಎರಡು ಬ್ರೆಜಿಲ್ ನಟ್‌ನಲ್ಲಿ ಸುಮಾರು 150 ಎಂದುಕೊಂಡರೆ ಊಟದ ಲೆಕ್ಕಕ್ಕೆ ಮೊದಲೇ ಮಿತಿ ದಾಟಿತು. ಸೆಲೆನಿಯಂ ಅತಿಯಾದಾಗ ಮೊದಲು ಕಾಣುವ ಲಕ್ಷಣಗಳಲ್ಲಿ ಕೂದಲು ಉದುರುವುದು, ಉಗುರು ಸೀಳುವುದು, ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಸೇರಿವೆ. ಕೂದಲು ಉದುರಿತೆಂದು ಇನ್ನೊಂದು ಮಾತ್ರೆ ಸೇರಿಸುವ ಮುನ್ನ ಡಬ್ಬಿಗಳ ಹಿಂದಿನ ಅಂಕಿಗಳನ್ನು ಕೂಡಿಸಿ ನೋಡಿ.