ಮನೆಯ ಹಿಂದಿನ ಬರೆಯೊಳಗೆ ನಿಲ್ಲುವ ನೀರು

ಕಾಸರಗೋಡಿನ ಒಳನಾಡಿನಲ್ಲಿ, ಪೈವಳಿಕೆಯಿಂದ ದೇಲಂಪಾಡಿಯವರೆಗೆ, ಸಮತಟ್ಟಾದ ಮನೆ ನಿವೇಶನ ಸಿಗುವುದು ಕಷ್ಟವಾದ್ದರಿಂದ ಗುಡ್ಡದ ಬುಡವನ್ನು ಜೆಸಿಬಿಯಿಂದ ಕಡಿದು ಜಾಗ ಮಾಡಿಕೊಳ್ಳುವುದು ಈಗ ರೂಢಿಯಾಗಿದೆ. ಹೀಗೆ ಕಡಿದಾಗ ಮನೆಯ ಹಿಂದೆ ಹತ್ತೋ ಹದಿನೈದೋ ಅಡಿ ಎತ್ತರದ ಬರೆಯೊಂದು, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆ, ನೆಟ್ಟಗೆ ನಿಲ್ಲುತ್ತದೆ. ಮುರಕಲ್ಲಿನ ಗುಡ್ಡ, ಗಾಳಿ ಬಿಸಿಲು ತಾಗಿದಷ್ಟೂ ಗಟ್ಟಿಯಾಗುತ್ತದೆ, ಅಜ್ಜನ ಕಾಲದಿಂದ ಜರಿದದ್ದಿಲ್ಲ ಎಂಬ ಭರವಸೆಯ ಮೇಲೆ ಆ ಬರೆಯಿಂದ ನಾಲ್ಕೇ ಅಡಿ ದೂರದಲ್ಲಿ ಅಡುಗೆಮನೆಯ ಗೋಡೆ ಏಳುತ್ತದೆ. ಈ ಭರವಸೆ ಅರ್ಧ ಮಾತ್ರ ನಿಜ. ಅಪಾಯ ಹುಟ್ಟುವುದು ಉಳಿದ ಅರ್ಧದಲ್ಲಿ.

ಟಿಪ್ಪುವಿನ ಪತನದ ಬಳಿಕ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಗಮನವಿಟ್ಟು ನೋಡಿದ. ನೆಲದೊಳಗಿರುವಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಬಗ್ಗುವ ಅದು ಗಾಳಿಗೆ ತೆರೆದುಕೊಂಡ ಮೇಲೆ ಗಡುಸಾಗುವುದನ್ನು ದಾಖಲಿಸಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟ. ಹೀಗೆ ಗಡುಸಾಗುವುದಕ್ಕೆ ಕಾರಣ ಅದರಲ್ಲಿ ತುಂಬಿರುವ ಕಬ್ಬಿಣದ ಆಕ್ಸೈಡುಗಳು. ಆದರೆ ಕಬ್ಬಿಣ ಹೀಗೆ ಕೂಡಿಕೊಂಡಿರುವುದು ಗುಡ್ಡದ ಮೇಲಿನ ಪದರದಲ್ಲಿ ಮಾತ್ರ. ಅದರ ಕೆಳಗಿರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಶೇಡಿಮಣ್ಣು. ಬಿಳಿ, ನಸುಗೆಂಪು, ನೇರಳೆ ಬಣ್ಣಗಳು ಬೆರೆತ ಆ ಮಣ್ಣಿನ ಹೆಂಟೆಯೊಂದನ್ನು ಬೇಸಗೆಯಲ್ಲಿ ಕೈಗೆತ್ತಿಕೊಂಡು ಹಿಚುಕಿದರೆ ನುಣುಪಾದ ಹುಡಿಯಾಗುತ್ತದೆ. ಅದಕ್ಕೇ ನಾಲ್ಕು ಹನಿ ನೀರು ತಾಗಿಸಿದರೆ ಬೆರಳುಗಳ ನಡುವೆ ಜಾರಿ ಹೋಗುತ್ತದೆ. ಜೆಸಿಬಿ ಆಳಕ್ಕೆ ಇಳಿದಂತೆ ಬಯಲಿಗೆ ಬರುವುದು ಈ ಮಣ್ಣು. ಅಜ್ಜನ ಕಾಲದ ಗುಡ್ಡ ಜರಿಯದಿದ್ದುದಕ್ಕೆ ಕಾರಣ ಸರಳ: ಅಜ್ಜ ಶೇಡಿಯವರೆಗೆ ಕಡಿದಿರಲಿಲ್ಲ.

ಮುರಕಲ್ಲಿನ ತೂತುಗಳ ಮೂಲಕ ಮಳೆನೀರು ಸಲೀಸಾಗಿ ಇಳಿಯುತ್ತದೆ, ಶೇಡಿಯ ಮೇಲೆ ಬಂದು ತಡೆಯುತ್ತದೆ. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗಗಳಲ್ಲಿ ನೀರು ಒಸರುವುದೂ ಹೀಗೆ ಗುಡ್ಡದೊಳಗೆ ನಿಂತ ನೀರಿನಿಂದಲೇ. ಗಡಿಯಾಚೆಯ ಅಡ್ಯನಡ್ಕದ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿ 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ಹುಡುಕಿದ್ದು ಆ ನೀರನ್ನೇ. ಸುರಂಗವಿದ್ದಲ್ಲಿ ಅದಕ್ಕೆ ಹೊರದಾರಿಯಿದೆ; ಬರೆಯ ಹಿಂದೆ ದಾರಿಯಿಲ್ಲದೆ ಅದು ಏರುತ್ತಾ ಹೋಗುತ್ತದೆ.

ಏರಿದ ನೀರು ಏನು ಮಾಡುತ್ತದೆ ಎಂಬುದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಸ್ವಾರಸ್ಯದ ಭಾಗ. ನೀರು ಮಣ್ಣನ್ನು ಕರಗಿಸಿ ಬೀಳಿಸುತ್ತದೆ ಎಂದು ಹೆಚ್ಚಿನವರು ಭಾವಿಸುತ್ತಾರೆ. ಇಸ್ತಾಂಬುಲ್‌ನಲ್ಲಿ ಅಧ್ಯಾಪಕರಾಗಿದ್ದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದ ಹೊತ್ತಿಗೆ ಪ್ರಯೋಗಗಳಿಂದ ಕಂಡುಕೊಂಡದ್ದು ಬೇರೆಯೇ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿಕೊಂಡಿರುವುದರಿಂದ ಅವುಗಳ ನಡುವೆ ಘರ್ಷಣೆ ಇರುತ್ತದೆ, ಇಳಿಜಾರು ನಿಂತಿರುವುದು ಬಹುಮಟ್ಟಿಗೆ ಆ ಘರ್ಷಣೆಯ ಬಲದಿಂದ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ ಅದರ ಒತ್ತಡ ಏರಿದಾಗ, ಮೇಲಿನ ಭಾರದ ಒಂದು ಪಾಲನ್ನು ನೀರೇ ಹೊರುತ್ತದೆ. ಬಾವಿಯಲ್ಲಿ ಮುಳುಗಿರುವ ತನಕ ಕೊಡಪಾನದ ಭಾರ ಹಗ್ಗಕ್ಕೆ ತಿಳಿಯದಿರುವಂತೆ, ನೀರು ತುಂಬಿದ ಗುಡ್ಡದಲ್ಲಿ ಮೇಲಿನ ಕಣದ ಭಾರ ಕೆಳಗಿನ ಕಣಕ್ಕೆ ಪೂರ್ತಿ ತಾಗುವುದಿಲ್ಲ. ಒತ್ತು ಕಡಿಮೆಯಾದಷ್ಟೂ ಘರ್ಷಣೆ ಕಡಿಮೆಯಾಗುತ್ತದೆ, ಗುಡ್ಡದ ಒಟ್ಟು ತೂಕ ಮಾತ್ರ ಹೆಚ್ಚುತ್ತಲೇ ಇರುತ್ತದೆ.

ತೂಕ ಎಷ್ಟೆಂದು ಲೆಕ್ಕ ಹಾಕೋಣ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಬರೆಯ ಮೇಲಿನ ಹತ್ತು ಸೆಂಟ್ಸ್ (ಸುಮಾರು 400 ಚದರ ಮೀಟರ್) ಜಾಗದಲ್ಲಿ 200 ಮಿ.ಮೀ. ಮಳೆ ಸುರಿದರೆ ಬೀಳುವ ನೀರು ಸುಮಾರು 80,000 ಲೀಟರ್, ಅಂದರೆ 80 ಟನ್. ಇದರಲ್ಲಿ ಒಂದಷ್ಟು ಹರಿದು ಹೋದೀತು, ಉಳಿದದ್ದು ಒಳಗಿಳಿಯುತ್ತದೆ. ತಡೆಗೋಡೆ ಕಟ್ಟಿದ್ದೇವಲ್ಲ ಎನ್ನುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ನಾಲ್ಕೂವರೆ ಟನ್ ಭಾರದಷ್ಟು ನೂಕು ನೀರಿನಿಂದಲೇ ಬರುತ್ತದೆ. ಮಣ್ಣಿನ ನೂಕು ಬೇರೆ. ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ನೀರು ಹೊರಬರಲು ಸಾಲಾಗಿ ಕೊಳವೆ ಇಟ್ಟರೆ ಆ ನೂಕು ಬಹುಪಾಲು ಇಲ್ಲವಾಗುತ್ತದೆ. ಅಂದ ಕೆಡುತ್ತದೆಂದು ಆ ಕೊಳವೆಗಳನ್ನು ಸಿಮೆಂಟಿನಿಂದ ಮುಚ್ಚಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಂಗುಗುಂಡಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನೀರಿಂಗಿಸುವುದು ಈ ಜಿಲ್ಲೆಗೆ ಬೇಕೇ ಬೇಕು, ಪದವಿನ (ಗುಡ್ಡದ ಮೇಲಿನ ಬಯಲಿನ) ಮದಕಗಳನ್ನು, ಅಂದರೆ ಮಳೆನೀರು ನಿಲ್ಲುವ ಕೆರೆಗಳನ್ನು, ಉಳಿಸಿಕೊಳ್ಳಲೂ ಬೇಕು. ಆದರೆ ಕಡಿದ ಬರೆಯ ನೆತ್ತಿಯ ಮೇಲೆ ಇಂಗುಗುಂಡಿ ತೋಡುವುದು ಗುಡ್ಡದೊಳಗಿನ ಒತ್ತಡವನ್ನು ನಾವೇ ಏರಿಸಿದಂತೆ. ಅಲ್ಲಿ ಬೇಕಾದದ್ದು ಮೇಲಿನ ನೀರನ್ನು ಅಡ್ಡಲಾಗಿ ಹಿಡಿದು ತೋಡಿಗೆ ಒಯ್ಯುವ, ತಳ ಗಟ್ಟಿ ಮಾಡಿದ ಚರಂಡಿ. ಮೇ ತಿಂಗಳಲ್ಲೇ ಅದರ ತರಗೆಲೆ ತೆಗೆದಿರಬೇಕು.

ಮನೆಮಂದಿಗೆ ಸಿಗುವ ಮುನ್ಸೂಚನೆಗಳೆಲ್ಲ ಈ ನೀರಿನದ್ದೇ. ತಿಳಿಯಾಗಿ ಬರುತ್ತಿದ್ದ ಸುರಂಗದ ನೀರು ಒಮ್ಮೆಲೇ ಕೆಸರಾದರೆ ಒಳಗಿನ ಶೇಡಿ ಕೊಚ್ಚಿಹೋಗುತ್ತಿದೆ ಎಂದರ್ಥ. ಹೀಗೆ ನೆಲದಡಿಯಲ್ಲಿ ಕೊಳವೆಗಳು ಕೊರೆದುಕೊಳ್ಳುವುದನ್ನು ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ ನಮ್ಮ ಜಿಲ್ಲೆಯಲ್ಲೂ ಅಧ್ಯಯನ ಮಾಡಿದೆ. ಬರೆಯ ಮೇಲ್ಗಡೆ ಬಿರುಕು, ಓರೆಯಾದ ಅಡಿಕೆ ಕಂಗು, ಸಿಕ್ಕಿಕೊಳ್ಳತೊಡಗಿದ ಹಿಂಬಾಗಿಲು, ಇಲ್ಲದಲ್ಲಿ ಹುಟ್ಟಿದ ಒರತೆ, ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಆಧಾರ್, ರೇಷನ್ ಕಾರ್ಡ್, ಜಾಗದ ದಾಖಲೆ, ಔಷಧಿಗಳಿರುವ ಡಬ್ಬಿಯೊಡನೆ ಹೊರಟು ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ತಿಳಿಸಬೇಕು. ಏನೂ ಕಾಣದಿದ್ದರೂ ಜೋರುಮಳೆಯ ರಾತ್ರಿಗಳಲ್ಲಿ ಬರೆಗೆ ತಾಗಿದ ಕೋಣೆ ಬಿಟ್ಟು ಎದುರಿನ ಚಾವಡಿಯಲ್ಲಿ ಹಾಸಿಗೆ ಹಾಕುವುದಕ್ಕೆ ಖರ್ಚೇನೂ ಇಲ್ಲ. ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ಮಲಯಾಳದಲ್ಲಿ ಬಂದರೂ ಬಣ್ಣ ಎಲ್ಲರಿಗೂ ಅರ್ಥವಾಗುತ್ತದೆ: ದಿನಕ್ಕೆ 204.4 ಮಿ.ಮೀ.ಗಿಂತ ಹೆಚ್ಚು ಮಳೆಯ ಸಂಭವವಿದ್ದರೆ ಕೆಂಪು. ಮನೆಯಂಗಳದಲ್ಲಿ ನೇರ ಬದಿಯ ಡಬ್ಬವೊಂದನ್ನು ಬಯಲಿಗಿಟ್ಟು ಅಳತೆಪಟ್ಟಿಯಿಂದ ನೋಡಿದರೆ ನಮ್ಮದೇ ಗುಡ್ಡಕ್ಕೆ ಬಿದ್ದ ಮಳೆ ಎಷ್ಟೆಂಬುದು ಸುಮಾರಾಗಿ ತಿಳಿಯುತ್ತದೆ.

ಮಳೆ ನಿಂತು ಬಿಸಿಲು ಬಂದ ಮರುದಿನ ಬರೆಯ ಬುಡದ ಕೆಸರು ಬಳಿಯಲು ಹೋಗುವ ಆತುರವೂ ಬೇಡ. ಶೇಡಿಯ ಕಣಗಳು ಅತಿ ಸಣ್ಣವಾದ್ದರಿಂದ ಅವುಗಳ ನಡುವಿನ ನೀರು ಬಹಳ ನಿಧಾನವಾಗಿ ಇಳಿಯುತ್ತದೆ, ಅಂಗಳ ಒಣಗಿದ ಮೇಲೂ ಒಳಗಿನ ಒತ್ತಡ ದಿನಗಟ್ಟಲೆ ಉಳಿದಿರಬಹುದು. ಮೊದಲು ಬದಿಯಿಂದ ಹತ್ತಿ ಬರೆಯ ನೆತ್ತಿಯಲ್ಲಿ ಬಿರುಕು ಇದೆಯೇ ಎಂದು ನೋಡಬೇಕು. ಇದ್ದರೆ ಹಾರೆ ಹಿಡಿಯುವ ಮೊದಲು ಪಂಚಾಯತಿಗೆ ಸುದ್ದಿ ಮುಟ್ಟಿಸಬೇಕು.